ಎಷ್ಟು ಗಂಟೆಗೆ ಕರೆದುಕೊಂಡು ಹೋದರು?

ಪೊಲೀಸರ ವಿರುದ್ಧ ಕೊಟ್ಟ ದೂರುಗಳಲ್ಲಿ ನಾನು ಓದಿರುವ ಬಹಳಷ್ಟು ದೂರುಗಳು ಬಿದ್ದುಹೋದದ್ದು ಅವು ಸುಳ್ಳಾಗಿದ್ದವು ಎಂಬ ಕಾರಣಕ್ಕಲ್ಲ. ಅವುಗಳಲ್ಲಿ ಸಮಯ ಇರಲಿಲ್ಲ, ಸ್ಥಳ ಇರಲಿಲ್ಲ, ಕರೆದೊಯ್ದವರ ಹೆಸರಾಗಲಿ ಹುದ್ದೆಯಾಗಲಿ ಇರಲಿಲ್ಲ, ಆಸ್ಪತ್ರೆಯ ಚೀಟಿ ಇರಲಿಲ್ಲ. ‘ನನ್ನ ಮಗನನ್ನು ಠಾಣೆಗೆ ಒಯ್ದು ಹೊಡೆದಿದ್ದಾರೆ, ತಾವು ದಯಮಾಡಿ ನ್ಯಾಯ ಕೊಡಿಸಬೇಕು’ ಎಂದು ಯಾರದೋ ಕೈಲಿ ಬರೆಸಿದ ಅರ್ಧ ಪುಟದ ಅರ್ಜಿ ಜಿಲ್ಲಾಧಿಕಾರಿ ಕಚೇರಿಯಿಂದ ಎಸ್‌ಪಿ ಕಚೇರಿಗೆ, ಅಲ್ಲಿಂದ ಡಿವೈಎಸ್‌ಪಿ ಕಚೇರಿಗೆ ಇಳಿದು, ಕೊನೆಗೆ ಯಾವ ಠಾಣೆಯ ಮೇಲೆ ದೂರಿತ್ತೋ ಅದೇ ಠಾಣೆಗೆ ‘ಸೂಕ್ತ ಕ್ರಮಕ್ಕಾಗಿ’ ಬಂದು ಸೇರುತ್ತದೆ. ಆರೋಪಕ್ಕೆ ಪೂರಕವಾದ ದಾಖಲೆಗಳಿಲ್ಲ ಎಂಬ ಹಿಂಬರಹದೊಂದಿಗೆ ಅದು ಮುಗಿಯುತ್ತದೆ. ಆ ಹಿಂಬರಹ ಎಷ್ಟೋ ಸಲ ಅಕ್ಷರಶಃ ನಿಜವೂ ಆಗಿರುತ್ತದೆ.

ರಾಯಚೂರಿನಲ್ಲಿ ಕಾನೂನು ಓದುತ್ತಿರುವ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪಿಗೆ, ಪೊಲೀಸ್ ಉತ್ತರದಾಯಿತ್ವಕ್ಕೆ ಸಂಬಂಧಿಸಿದ ಕೆಲಸದಲ್ಲಿ ತರಬೇತಿ ಕೊಡುತ್ತಾ ಬಂದಿರುವ ನನಗೆ ಈಗ ಒಂದು ನಂಬಿಕೆ ಗಟ್ಟಿಯಾಗಿದೆ. ಉತ್ತರದಾಯಿತ್ವದ ಭವಿಷ್ಯ ಹೈಕೋರ್ಟಿನಲ್ಲಿ ಎಷ್ಟು ನಿರ್ಧಾರವಾಗುತ್ತದೆಯೋ, ಘಟನೆ ನಡೆದ ಮೊದಲ ಎರಡು ಮೂರು ದಿನಗಳಲ್ಲಿ ಬರೆಯಲಾಗುವ ಆ ಮೊದಲ ಕಾಗದದಲ್ಲಿಯೂ ಅಷ್ಟೇ ನಿರ್ಧಾರವಾಗುತ್ತದೆ. ಆ ಕಾಗದವನ್ನು ಬರೆಯುವ ಕೈಯನ್ನು ತಯಾರು ಮಾಡುವುದು ಕಾನೂನು ಕಾಲೇಜಿನ ಕೆಲಸ.

ವಿದ್ಯಾರ್ಥಿಗಳೇ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಭಾಗದಲ್ಲಿ ವಕೀಲರು ಪ್ರಕರಣದೊಳಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ರಿಮಾಂಡ್, ಅಂದರೆ ಬಂಧಿತನನ್ನು ವಶದಲ್ಲಿಡಲು ಮ್ಯಾಜಿಸ್ಟ್ರೇಟರು ಕೊಡುವ ಆದೇಶ, ಆಗಿಹೋಗಿರುತ್ತದೆ. ಆದರೆ ದೇವದುರ್ಗ, ಮಾನ್ವಿ, ಲಿಂಗಸುಗೂರು, ಮಸ್ಕಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗ ಹುಡುಗಿಯರಿಗೆ, ಊರಿನಲ್ಲಿ ಯಾರನ್ನಾದರೂ ಠಾಣೆಗೆ ಕರೆದೊಯ್ದರೆ, ಅದೇ ರಾತ್ರಿ ಫೋನು ಬರುತ್ತದೆ. ‘ನೀ ಲಾ ಓದಾಕತ್ತೀಯಲ್ಲಪ್ಪ, ಈಗ ಏನ್ ಮಾಡಬೇಕು ಹೇಳು’ ಎಂದು ದೊಡ್ಡಪ್ಪನೋ ಪಕ್ಕದ ಮನೆಯ ಅಕ್ಕನೋ ಕೇಳುತ್ತಾರೆ. ಎರಡನೆಯ ವರ್ಷದ ವಿದ್ಯಾರ್ಥಿಗೆ ಒಪ್ಪಂದದ ಕಾಯ್ದೆಯ ಕಲಮುಗಳು ಬಾಯಿಪಾಠ ಇರಬಹುದು, ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಜನ ಈಗಾಗಲೇ ಅವರ ಮೇಲೆ ಹೊರಿಸಿರುವ ಜವಾಬ್ದಾರಿಗೆ ಅವರನ್ನು ಸಿದ್ಧಪಡಿಸದೆ ಬಿಡುವುದು ನ್ಯಾಯವಲ್ಲ ಎಂಬುದೇ ಈ ಕೆಲಸಕ್ಕೆ ಕಾರಣ.

ನಾವು ಕಲಿಸುವ ಮೊದಲ ಪ್ರಶ್ನೆ ಈ ಬರಹದ ತಲೆಬರಹದಲ್ಲಿದೆ. ಬಂಧಿಸಿದವರನ್ನು 24 ಗಂಟೆಯೊಳಗೆ, ಪ್ರಯಾಣದ ಅವಧಿಯನ್ನು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ, ಬಂಧನ ಮತ್ತು ತನಿಖೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಮು ಅದನ್ನೇ ಹೇಳುತ್ತದೆ. ಈ ಗಡಿಯಾರ ಯಾವಾಗ ಶುರುವಾಯಿತು ಎಂಬುದೇ ಎಲ್ಲ ತಕರಾರಿನ ಮೂಲ. ‘ಸುಮ್ಮನೆ ವಿಚಾರಣೆಗೆ, ಈಗ ಬಿಟ್ಟು ಕಳಿಸುತ್ತೇವೆ’ ಎಂದು ಬೆಳಗ್ಗೆ ಹೊಲದಿಂದ ಕರೆದೊಯ್ದವನನ್ನು ಮರುದಿನ ಸಂಜೆ ಬಸ್ ನಿಲ್ದಾಣದ ಬಳಿ ಅನುಮಾನಾಸ್ಪದವಾಗಿ ತಿರುಗುತ್ತಿದ್ದಾಗ ಹಿಡಿದೆವೆಂದು ಬರೆದರೆ, ನಡುವಿನ ಒಂದೂವರೆ ದಿನ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹೊಡೆತ, ಬೆದರಿಕೆ, ಖಾಲಿ ಹಾಳೆಯ ಮೇಲೆ ಸಹಿ, ಹಣದ ಮಾತು, ಇವೆಲ್ಲಕ್ಕೂ ಜಾಗ ಸಿಗುವುದು ಆ ಬರೆಯದೇ ಉಳಿದ ಗಂಟೆಗಳಲ್ಲಿಯೇ. ವಿಚಾರಣೆಗೆ ಕರೆಯಲು ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಬಂಧನದ ಅಗತ್ಯವಿಲ್ಲದಿದ್ದಾಗ 35(3)ನೇ ಕಲಮಿನ ಕೆಳಗೆ ಲಿಖಿತ ನೋಟಿಸು ಕೊಟ್ಟು ಕರೆಯಬೇಕು. ಸಾಕ್ಷಿ ಹೇಳಿಕೆಗೆ ಕರೆಯುವುದಾದರೆ ಹೆಂಗಸರನ್ನೂ, 15 ವರ್ಷಕ್ಕಿಂತ ಕಿರಿಯ ಹುಡುಗರನ್ನೂ, 60 ದಾಟಿದ ಗಂಡಸರನ್ನೂ ಅವರ ಮನೆ ಬಿಟ್ಟು ಬೇರೆಡೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ ಎಂದು 179ನೇ ಕಲಮು ಹೇಳುತ್ತದೆ. ಈ ಎರಡು ಕಲಮುಗಳನ್ನಷ್ಟೇ ಹಳ್ಳಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ಓದಿ ಹೇಳಿದಾಗ ಜನ ಮತ್ತೊಮ್ಮೆ ಓದು ಎನ್ನುತ್ತಾರೆ, ನಂಬಿಕೆ ಬರುವುದಿಲ್ಲ.

ಬಂಧನದ ಕಾಗದಕ್ಕೂ ಒಂದು ಚರಿತ್ರೆ ಇದೆ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷರಾಗಿದ್ದ ಡಿ.ಕೆ. ಬಸು ಅವರು 1986ರ ಆಗಸ್ಟ್‌ನಲ್ಲಿ ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಅದನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿದ ನ್ಯಾಯಾಲಯ 1996ರ ಡಿಸೆಂಬರ್‌ನಲ್ಲಿ 11 ಸೂಚನೆಗಳನ್ನು ಕೊಟ್ಟಿತು. ಬಂಧಿಸುವವರ ಎದೆಯ ಮೇಲೆ ಹೆಸರು ಕಾಣಬೇಕು. ಬಂಧನ ಪತ್ರದಲ್ಲಿ ಸಮಯ, ದಿನಾಂಕ ಇರಬೇಕು, ಮನೆಯವರೊಬ್ಬರೋ ಊರಿನ ಗೌರವಸ್ಥರೊಬ್ಬರೋ ಅದಕ್ಕೆ ಸಾಕ್ಷಿ ಹಾಕಬೇಕು. ಬಂಧಿತನ ಕಡೆಯ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು. ವಶದಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಇವುಗಳಲ್ಲಿ ಬಹುಪಾಲು ಈಗ ಸಂಹಿತೆಯ 36, 48, 53ನೇ ಕಲಮುಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಸೇರಿವೆ. ಬಂಧನದ ಕಾರಣಗಳನ್ನು ತಿಳಿಸದಿದ್ದರೆ ಬಂಧನವೇ ಊರ್ಜಿತವಲ್ಲ ಎಂದು 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಬ್ಬರು ಪೇಪರ್ ಕಟಿಂಗುಗಳನ್ನು ಕೂಡಿಸಿಟ್ಟು ಬರೆದ ಪತ್ರ ಇಷ್ಟು ದೂರ ಬಂದಿದೆ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ.

ತರಗತಿಯಲ್ಲಿ ನಾವು ಮೂರು ಕಾಗದಗಳನ್ನು ಒಟ್ಟಿಗೆ ಇಟ್ಟು ಓದುತ್ತೇವೆ: ಬಂಧನ ಪತ್ರ, ರಿಮಾಂಡ್ ಅರ್ಜಿ, ಆಸ್ಪತ್ರೆಯ ತಪಾಸಣಾ ವರದಿ. ಹೆಸರು, ಊರು, ಗುರುತು ಸಿಗುವ ಎಲ್ಲವನ್ನೂ ಮೊದಲೇ ಅಳಿಸಿರುತ್ತೇವೆ. ಮೂರರಲ್ಲಿಯೂ ಇರುವ ಸಮಯಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಬೇಕು, ಅಷ್ಟೇ ಅಭ್ಯಾಸ. ಬಂಧನಕ್ಕೆ ಮುಂಚೆಯೇ ವೈದ್ಯರು ತಪಾಸಣೆ ಮಾಡಿದಂತೆ ತೋರುವ ಕಾಗದ ಸಿಕ್ಕಾಗ, ಬೇರೆ ಬೇರೆ ದಿನ ಹಿಡಿದ ಇಬ್ಬರ ಬಂಧನ ಪತ್ರಕ್ಕೆ ಒಬ್ಬನೇ ಸಾಕ್ಷಿ ಸಹಿ ಹಾಕಿರುವುದು ಕಂಡಾಗ, ‘ಯಾವ ಗಾಯಗಳೂ ಇಲ್ಲ’ ಎಂಬ ಸಾಲು ಎಲ್ಲ ವರದಿಗಳಲ್ಲೂ ಒಂದೇ ಅಕ್ಷರದಲ್ಲಿ, ಒಂದೇ ಮೊಹರಿನ ಕೆಳಗೆ ಕಂಡಾಗ ವಿದ್ಯಾರ್ಥಿಗಳ ಮುಖದಲ್ಲಿ ಆಗುವ ಬದಲಾವಣೆಯನ್ನು ಯಾವ ಉಪನ್ಯಾಸವೂ ತರಲಾರದು. ಜೊತೆಗೆ ಇನ್ನೊಂದನ್ನೂ ಅವರು ಕಲಿಯಬೇಕಾಗುತ್ತದೆ. ಸಮಯಗಳು ಹೊಂದದಿದ್ದ ಮಾತ್ರಕ್ಕೆ ಹೊಡೆತ ಬಿದ್ದಿದೆ ಎಂದು ಅರ್ಥವಲ್ಲ. ಬರೆಯುವವರ ಅವಸರವೂ ಇರಬಹುದು. ಹೊಂದದ ಸಮಯ ಒಂದು ಪ್ರಶ್ನೆ ಮಾತ್ರ, ಉತ್ತರವಲ್ಲ.

ಠಾಣೆಯ ಪುಸ್ತಕದಲ್ಲಿ ಇಲ್ಲದ ಸಮಯ ಬೇರೆ ಕಡೆ ಇರುತ್ತದೆ. ಕರೆದೊಯ್ದ ಕೂಡಲೇ ಹೆಂಡತಿ ತಮ್ಮನಿಗೆ ಮಾಡಿದ ಕರೆ ಫೋನಿನಲ್ಲಿ ಉಳಿದಿರುತ್ತದೆ. ಠಾಣೆಗೆ ಬುತ್ತಿ ಒಯ್ದವನು ಎದುರಿನ ಹೋಟೆಲಿನಲ್ಲಿ ಫೋನಿನಿಂದಲೇ ದುಡ್ಡು ಕೊಟ್ಟಿದ್ದರೆ ಅದರ ಸಂದೇಶ ಇರುತ್ತದೆ. ಪೆಟ್ರೋಲ್ ಬಂಕಿನ ಕ್ಯಾಮೆರಾ, ಬಸ್ಸಿನ ಟಿಕೀಟು, ಬಿಟ್ಟು ಕಳಿಸಿದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿದ ಹೊರರೋಗಿ ಚೀಟಿ ಇರುತ್ತವೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಠಾಣೆಯೊಳಗೇ ಇರುತ್ತದೆ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ದೇಶದ ಪ್ರತಿಯೊಂದು ಠಾಣೆಯಲ್ಲಿಯೂ ಪ್ರವೇಶದ್ವಾರ, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಕೊಠಡಿ, ಹಿಂಭಾಗ ಎಲ್ಲವನ್ನೂ ಒಳಗೊಳ್ಳುವಂತೆ ರಾತ್ರಿಯೂ ಕಾಣುವ, ಧ್ವನಿಯನ್ನೂ ಹಿಡಿಯುವ ಸಿಸಿಟಿವಿ ಇರಬೇಕು, ದಾಖಲೆಯನ್ನು 18 ತಿಂಗಳು ಕಾಪಾಡಬೇಕು, ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು ಎಂದು ಆದೇಶಿಸಿತು. ಇದನ್ನು ನೋಡಿಕೊಳ್ಳಲು ರಾಜ್ಯ ಮಟ್ಟದಲ್ಲಿಯೂ ಜಿಲ್ಲಾ ಮಟ್ಟದಲ್ಲಿಯೂ ಸಮಿತಿಗಳಿರಬೇಕೆಂದಿತು. ಹಾಗಾಗಿ ನಮ್ಮ ವಿದ್ಯಾರ್ಥಿಗಳು ಬರೆಯಲು ಕಲಿಯುವ ಮೊದಲ ಪತ್ರ ದೂರು ಅಲ್ಲವೇ ಅಲ್ಲ. ಇಂಥ ದಿನಾಂಕದ ಇಂಥ ಗಂಟೆಯಿಂದ ಇಂಥ ಗಂಟೆಯವರೆಗಿನ ಸಿಸಿಟಿವಿ ದಾಖಲೆಯನ್ನು ಅಳಿಸದೆ ಕಾಪಾಡಬೇಕು ಎಂದು ಎಸ್‌ಪಿ ಅವರಿಗೆ ಬರೆಯುವ ಎರಡು ಪ್ಯಾರಾಗಳ ಮನವಿ ಅದು. ಯಾರ ಮೇಲೂ ಆರೋಪ ಹೊರಿಸದ ಆ ಪತ್ರವನ್ನು ಸ್ವೀಕೃತಿ ಪಡೆದು ಕೊಟ್ಟರೆ, ಮುಂದೆ ದಾಖಲೆ ಇಲ್ಲವೆಂಬ ಉತ್ತರ ಬಂದಾಗ ಅದು ಏಕೆ ಇಲ್ಲ ಎಂದು ಕೇಳುವ ಹಕ್ಕು ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಕಾಗುವುದು ಕೇಳುವುದನ್ನು ಕಲಿಸುವುದಕ್ಕೆ. ಕಾನೂನು ವಿದ್ಯಾರ್ಥಿಗೆ ಪಾಟೀಸವಾಲಿನ ಮೋಹ ಇರುತ್ತದೆ. ಎದುರಿಗೆ ಕೂತವನು ಎರಡು ರಾತ್ರಿ ನಿದ್ದೆ ಮಾಡಿಲ್ಲ, ಬಲಗೈ ಎತ್ತಲಾಗುತ್ತಿಲ್ಲ, ತಾಯಿಯ ಮುಂದೆ ಕೆಲವು ಮಾತು ಹೇಳಲಾರ ಎಂಬುದು ಹೊಳೆಯುವ ಮೊದಲೇ ‘ಲಾಠಿಯಿಂದ ಹೊಡೆದರಾ?’ ಎಂದು ಕೇಳಿಬಿಡುತ್ತಾನೆ. ಹೌದು ಎಂಬ ಉತ್ತರ ಬರುತ್ತದೆ, ಏಕೆಂದರೆ ಹೌದು ಎನ್ನುವುದು ಸುಲಭ. ನಿಜದಲ್ಲಿ ಅದು ಪೈಪಿನ ತುಂಡೋ ಬೆಲ್ಟೋ ಆಗಿರಬಹುದು. ಆರು ತಿಂಗಳ ನಂತರ ವಿಚಾರಣೆಯಲ್ಲಿ ಆತ ನಿಜ ಹೇಳಿದಾಗ ಹೇಳಿಕೆ ಬದಲಾಯಿಸಿದ್ದಾನೆ ಎಂದಾಗುತ್ತದೆ. ಚಿತ್ರಹಿಂಸೆಯ ದಾಖಲೀಕರಣಕ್ಕೆಂದು ವಿಶ್ವಸಂಸ್ಥೆ ಪ್ರಕಟಿಸಿ, 2022ರಲ್ಲಿ ಪರಿಷ್ಕರಿಸಿದ ‘ಇಸ್ತಾಂಬುಲ್ ಪ್ರೋಟೋಕಾಲ್’ ಎಂಬ ಕೈಪಿಡಿ ಇದೆ. ಉತ್ತರವನ್ನು ಒಳಗೆ ಇಟ್ಟುಕೊಂಡ ಪ್ರಶ್ನೆ ಕೇಳಬಾರದು, ‘ಆಮೇಲೆ ಏನಾಯಿತು’ ಎಂದು ಕೇಳಿ ಸುಮ್ಮನಿರಬೇಕು, ಗಾಯಗಳನ್ನು ದೇಹದ ರೇಖಾಚಿತ್ರದ ಮೇಲೆ ಗುರುತಿಸಬೇಕು ಎಂಬಂಥ ಅದರ ಕ್ರಮಗಳನ್ನು ನಾವು ಪರಸ್ಪರರ ಮೇಲೆ ಅಭ್ಯಾಸ ಮಾಡುತ್ತೇವೆ. ಭಾರತ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದರೂ ಇಂದಿಗೂ ಅದನ್ನು ಸ್ಥಿರೀಕರಿಸಿಲ್ಲ. ಆದರೆ ತಪ್ಪೊಪ್ಪಿಗೆ ಹೊರಡಿಸಲು ಹೊಡೆಯುವುದು ಅಪರಾಧವೆಂಬುದು ನಮಗೆ ಹೊಸದೇನೂ ಅಲ್ಲ. 1860ರ ದಂಡ ಸಂಹಿತೆಯ 330ನೇ ಕಲಮಿನಲ್ಲಿಯೇ ಅದಿತ್ತು, ಮೊದಲ ಉದಾಹರಣೆಯಾಗಿ ಅಲ್ಲಿ ಕೊಟ್ಟದ್ದು ಪೊಲೀಸ್ ಅಧಿಕಾರಿಯದ್ದೇ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮು.

ಭಾಷೆಯ ವಿಷಯದಲ್ಲಿ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ಬೇರೆಯವರಿಗಿಲ್ಲದ ಒಂದು ಬಲವಿದೆ. ಒಂದೇ ತರಗತಿಯಲ್ಲಿ ತೆಲುಗು, ದಖನಿ ಉರ್ದು, ಲಂಬಾಣಿ ಮಾತಾಡುವವರು ಸಿಗುತ್ತಾರೆ. ತಾಂಡಾದ ಹೆಂಗಸೊಬ್ಬಳು ತನ್ನ ಮಾತಿನಲ್ಲಿ ಹೇಳಿದ್ದನ್ನು ಅದೇ ಮಾತು ಬಲ್ಲ ಹುಡುಗಿ ಕೇಳಿ, ಅವಳು ಹೇಳಿದ ಕ್ರಮದಲ್ಲಿಯೇ ಬರೆದು, ಓದಿ ಹೇಳಿ, ಅವಳು ತಿದ್ದಿದ ಮೇಲೆ ಹೆಬ್ಬೆಟ್ಟು ಪಡೆದ ಹೇಳಿಕೆಗೂ, ಕೋರ್ಟಿನ ಹೊರಗೆ ಟೈಪಿಸ್ಟ್ ಹತ್ತಿರ ಸಿದ್ಧ ವಾಕ್ಯಗಳಲ್ಲಿ ಹೊಡೆಸಿದ ಅರ್ಜಿಗೂ ಇರುವ ಅಂತರವನ್ನು ಯಾವ ವಿಚಾರಣಾಧಿಕಾರಿಯೂ ಗುರುತಿಸದೆ ಇರಲಾರ.

ಇಷ್ಟೆಲ್ಲ ಕಲಿಸಿದ ಮೇಲೆ, ಕೆಲವೊಮ್ಮೆ ದೂರು ಕೊಡದೇ ಇರುವುದನ್ನೂ ಕಲಿಸಬೇಕಾಗುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಠಾಣೆಯ ಮೇಲೆ ದೂರು ಕೊಟ್ಟವನು ಬಾಡಿಗೆ ಮನೆ ಬದಲಾಯಿಸಿ ಜೀವನ ನಡೆಸಬಹುದು. ಐದು ಎಕರೆ ಭೂಮಿ, ಎರಡು ಎಮ್ಮೆ ಇರುವವನು ಅದೇ ಊರಿನಲ್ಲಿ, ಅದೇ ಬೀಟ್ ಪೊಲೀಸರ ಕಣ್ಣೆದುರಿಗೇ ಇರಬೇಕು. ಕರ್ತವ್ಯಕ್ಕೆ ಅಡ್ಡಿಪಡಿಸಿದನೆಂದು ಪ್ರತಿದೂರು ದಾಖಲಾಗಬಹುದು; ತಮ್ಮನ ಮರಳಿನ ಟ್ರ್ಯಾಕ್ಟರು, ಮಾವನ ಕಿರಾಣಿ ಅಂಗಡಿ ಇದ್ದಕ್ಕಿದ್ದಂತೆ ಎಲ್ಲರ ಗಮನಕ್ಕೆ ಬರಬಹುದು. ಇಪ್ಪತ್ತು ವರ್ಷದ ವಿದ್ಯಾರ್ಥಿಯ ನ್ಯಾಯದ ಉತ್ಸಾಹಕ್ಕೆ ಬೇರೊಂದು ಕುಟುಂಬ ಬೆಲೆ ತೆರಬಾರದು. ಹಾಗಾಗಿ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಕ್ರಮವಿದೆ: ದಾಖಲೆ ಕೂಡಿಸುವುದು ಬೇರೆ, ದೂರು ಸಲ್ಲಿಸುವುದು ಬೇರೆ. ಮೊದಲನೆಯದನ್ನು ತಕ್ಷಣ ಮಾಡಬೇಕು, ಎರಡನೆಯದು ಸಂಪೂರ್ಣ ಆ ವ್ಯಕ್ತಿಯ ನಿರ್ಧಾರ. ಮನೆಯವರೊಂದಿಗೆ ಮಾತಾಡಿ, ಒಬ್ಬ ವಕೀಲರ ಎದುರಿಗೆ, ಆಗಬಹುದಾದ ಎಲ್ಲವನ್ನೂ ತಿಳಿದುಕೊಂಡ ಮೇಲೆ ಅವರು ಬೇಡವೆಂದರೆ ಕಾಗದಗಳನ್ನು ಅವರ ಕೈಗೇ ಕೊಟ್ಟು ಬರಬೇಕು. ಮಾನವ ಹಕ್ಕುಗಳ ಆಯೋಗಗಳು ಘಟನೆ ನಡೆದ ಒಂದು ವರ್ಷದ ನಂತರದ ದೂರುಗಳನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ ಎಂದು 1993ರ ಕಾಯ್ದೆಯ 36ನೇ ಕಲಮು ಹೇಳುವುದರಿಂದ ಆ ದಿನಾಂಕವನ್ನು ಮಾತ್ರ ಲಕೋಟೆಯ ಮೇಲೆ ದೊಡ್ಡದಾಗಿ ಬರೆದುಕೊಡುತ್ತೇವೆ. ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದಂತೂ ಪೂರ್ತಿ ನಿಷಿದ್ಧ.

ದೂರು ಕೊಡುವುದೆಂದು ನಿರ್ಧಾರವಾದರೆ ಎಲ್ಲಿಗೆ ಎಂಬುದು ಮುಂದಿನ ಪ್ರಶ್ನೆ. ದಾರಿಗಳು ಕಡಿಮೆ ಇಲ್ಲ. ಎಫ್‌ಐಆರ್ ದಾಖಲಿಸದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮಿನಂತೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಬರೆಯಬಹುದು. ಲಂಚದ ವಿಷಯವಾದರೆ ಲೋಕಾಯುಕ್ತವಿದೆ. ಪೊಲೀಸರ ಮೇಲಿನ ದೂರುಗಳಿಗೆಂದೇ ಹುಟ್ಟಿದ ಸಂಸ್ಥೆ ಮಾತ್ರ ಪೊಲೀಸ್ ದೂರು ಪ್ರಾಧಿಕಾರ. ಉತ್ತರ ಪ್ರದೇಶ ಮತ್ತು ಅಸ್ಸಾಮಿನ ಪೊಲೀಸ್ ಮಹಾನಿರ್ದೇಶಕರಾಗಿದ್ದ ಪ್ರಕಾಶ್ ಸಿಂಗ್ ಅವರೇ ನಿವೃತ್ತಿಯ ನಂತರ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರಿಂದ 2006ರ ಸೆಪ್ಟೆಂಬರ್ 22ರ ತೀರ್ಪು ಬಂದಿತು. ಅದರ ಏಳು ನಿರ್ದೇಶನಗಳಲ್ಲಿ ಒಂದು ಈ ಪ್ರಾಧಿಕಾರದ್ದು: ಜಿಲ್ಲೆಯಲ್ಲಿ ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದಲ್ಲಿ ಡಿವೈಎಸ್‌ಪಿ ದರ್ಜೆಯವರೆಗಿನವರ ಮೇಲಿನ ದೂರು, ರಾಜ್ಯ ಮಟ್ಟದಲ್ಲಿ ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಎರಡೂ ಮಟ್ಟದ ಪ್ರಾಧಿಕಾರಗಳಿಗೆ ಕಾನೂನಿನ ಆಧಾರ ಕೊಟ್ಟಿತು. ಆದರೆ ಸಂತೆಗೆ ಬಂದ ಜನರಲ್ಲಿ ಯಾರನ್ನಾದರೂ ನಿಲ್ಲಿಸಿ ಈ ಪ್ರಾಧಿಕಾರದ ಹೆಸರು ಕೇಳಿದ್ದೀರಾ ಎಂದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಕಾನೂನಿನಲ್ಲಿ ಇರುವ ಸಂಸ್ಥೆಯನ್ನು ಜನರ ನಾಲಿಗೆಯ ಮೇಲೆ ತರುವುದು ಕೂಡ ಮೇಲ್ವಿಚಾರಣೆಯ ಕೆಲಸವೇ ಎಂದು ನಾನು ಭಾವಿಸಿದ್ದೇನೆ.

ಪರಿಶಿಷ್ಟ ಜಾತಿ, ಪಂಗಡಗಳ ಜನ ಹೆಚ್ಚಿರುವ ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೊಂದು ದಾರಿ ಬಹಳ ಮುಖ್ಯ. ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ಸರ್ಕಾರಿ ನೌಕರನ ಉದ್ದೇಶಪೂರ್ವಕ ಕರ್ತವ್ಯಲೋಪವನ್ನೇ ಶಿಕ್ಷಾರ್ಹ ಮಾಡಿದೆ. ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ ಸಹಿಗೆ ಮುಂಚೆ ಓದಿ ಹೇಳುವುದು, ಎಫ್‌ಐಆರ್ ಮಾಡುವುದು, ಅದರ ಪ್ರತಿ ಕೊಡುವುದು ಇವೆಲ್ಲ ಅಲ್ಲಿ ಹೆಸರಿಸಿದ ಕರ್ತವ್ಯಗಳು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ಜಿಲ್ಲಾ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಆ ತೀರ್ಪಿನ ವಿರುದ್ಧ ಮೇಲ್ಮನವಿ ಹೋಗಿರುವುದರಿಂದ ಸರಿತಪ್ಪಿನ ಚರ್ಚೆಗೆ ನಾವು ಇಳಿಯುವುದಿಲ್ಲ. ನಡುವೆ ಕಳೆದ ಹತ್ತು ವರ್ಷಗಳನ್ನು ಮಾತ್ರ ಗಮನಿಸಿ ಎನ್ನುತ್ತೇನೆ. ಹತ್ತು ವರ್ಷಗಳ ನಂತರ ನ್ಯಾಯಾಲಯದಲ್ಲಿ ಮಾತಾಡುವುದು ಮೊದಲ ವಾರ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಏನು ಬರೆಯಲಾಯಿತೋ ಅದು.

ಕಾನೂನು ಕಲಿಸುವವರೂ ಕಲಿಯುವವರೂ ಇಂಥ ಕೆಲಸಕ್ಕೆ ಇಳಿದದ್ದು ಇದೇ ಮೊದಲಲ್ಲ. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರ ಆವರಣದಲ್ಲಿ ಬುಡಕಟ್ಟಿನ ಹುಡುಗಿಯ ಮೇಲಾದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿದಾಗ, ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅದರಿಂದ ಎದ್ದ ಚರ್ಚೆ 1983ರಲ್ಲಿ ಪೊಲೀಸ್ ವಶದಲ್ಲಿನ ಅತ್ಯಾಚಾರದ ಕಾನೂನನ್ನೇ ಬದಲಿಸಿತು. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಪೊಲೀಸ್ ಉತ್ತರದಾಯಿತ್ವಕ್ಕೆಂದೇ ಒಂದು ಕ್ಲಿನಿಕ್, ಅಂದರೆ ವಿದ್ಯಾರ್ಥಿಗಳು ಅಧ್ಯಾಪಕರ ಜೊತೆ ನಿಜವಾದ ಪ್ರಕರಣಗಳಲ್ಲಿ ಕೆಲಸ ಮಾಡುವ ಘಟಕ, ಇದೆ. ಪೊಲೀಸರ ದುರ್ನಡತೆಯ ಕಡತಗಳು ಸಾರ್ವಜನಿಕ ದಾಖಲೆಗಳೇ ಎಂಬ 2014ರ ತೀರ್ಪು ಬರಲು ಆ ಕ್ಲಿನಿಕ್ ಮತ್ತು ಜೇಮೀ ಕಾಲ್ವೆನ್ ಎಂಬ ಪತ್ರಕರ್ತರು ವರ್ಷಗಟ್ಟಲೆ ದುಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಊರಿನ ಪೊಲೀಸ್ ಅಧಿಕಾರಿಯೊಬ್ಬರ ಗುಂಡಿಗೆ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ ಹದಿಹರೆಯದ ಹುಡುಗ ಸತ್ತಾಗ, ಮೊದಲು ಹೊರಬಂದ ವಿವರಣೆಗೂ ಶವಪರೀಕ್ಷೆಯಲ್ಲಿ ಎಣಿಸಿದ 16 ಗುಂಡಿನ ಗಾಯಗಳಿಗೂ ತಾಳೆಯಾಗಲಿಲ್ಲ. ಆ ಅಧಿಕಾರಿಗೆ 2018ರಲ್ಲಿ ಕೊಲೆಯ ಅಪರಾಧ ಸಾಬೀತಾಯಿತು. ಅಲ್ಲಿ ಹಿರಿಯ ವಿದ್ಯಾರ್ಥಿಗಳು ಮೇಲ್ವಿಚಾರಣೆಯಡಿ ನ್ಯಾಯಾಲಯದಲ್ಲಿಯೇ ವಾದಿಸಬಹುದು. ನಮ್ಮಲ್ಲಿ ವಕೀಲಿಕೆಯ ಸನದು ಇಲ್ಲದೆ ಅದು ಸಾಧ್ಯವಿಲ್ಲ, ಮತ್ತು ಈ ಮಿತಿಯನ್ನು ವಿದ್ಯಾರ್ಥಿಗಳು ದಾಟದಂತೆ ನೋಡಿಕೊಳ್ಳುವುದು ನನ್ನ ಹೊಣೆ. ಠಾಣೆಗೆ ಹೋಗಿ ‘ನಾನು ಲಾಯರ್’ ಎಂದವನಿಗೆ ನಮ್ಮ ಗುಂಪಿನಲ್ಲಿ ಜಾಗವಿಲ್ಲ.

ಆದರೂ ಮಿತಿಯೊಳಗೆ ಮಾಡಬಹುದಾದದ್ದು ಬಹಳ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಮೂರು ವರ್ಷದ ಕೋರ್ಸಿನವರು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಬಹಳಷ್ಟು ಕಡೆ ಅದು ಡೈರಿ ನಕಲು ಮಾಡಿ ಸಹಿ ಹಾಕಿಸುವ ಕೆಲಸವಾಗಿ ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಮತ್ತು ಅದು ನೋವಿನ ಸಂಗತಿ. ಅಣಕು ನ್ಯಾಯಾಲಯದ ಸ್ಪರ್ಧೆಗೆ ಕೊಡುವ ಹಣ, ಸಮಯಗಳಲ್ಲಿ ಕಾಲುಭಾಗ ಕೊಟ್ಟರೂ ಪ್ರತಿ ತಾಲ್ಲೂಕಿಗೆ ಇಬ್ಬರು ತರಬೇತಾದ ವಿದ್ಯಾರ್ಥಿಗಳು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಲು ಕಾನೂನು ವಿದ್ಯಾರ್ಥಿಗಳಿಗೆ ಅವಕಾಶವಿದೆ. ವಶದಲ್ಲಿರುವ ಯಾರಿಗೇ ಆಗಲಿ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಹೇಳುತ್ತದೆ. ರಾತ್ರಿ ಫೋನು ಬಂದಾಗ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿಸಿ, ಬೆಳಗ್ಗೆ ಜಿಲ್ಲಾ ನ್ಯಾಯಾಲಯದ ಆವರಣದ ಪ್ರಾಧಿಕಾರದ ಕಚೇರಿಗೆ ಮನೆಯವರನ್ನು ಕರೆತಂದು, ರಿಮಾಂಡಿಗೆ ಮುಂಚೆ ವಕೀಲರ ಕೈಗೆ ಸಮಯಗಳ ಒಂದು ಪುಟ ಕೊಡುವಷ್ಟು ಮಾಡಿದರೂ, ಮ್ಯಾಜಿಸ್ಟ್ರೇಟರು ‘ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯೇ’ ಎಂದು ಕೇಳಿದಾಗ ಆರೋಪಿ ತಲೆ ಬಗ್ಗಿಸಿ ನಿಲ್ಲುವ ಪರಿಸ್ಥಿತಿ ಬದಲಾಗುತ್ತದೆ.

ಪೊಲೀಸರ ಕೆಲಸವನ್ನು ಒಳಗಿನಿಂದ ತಿಳಿಯದೆ ಅವರ ಮೇಲ್ವಿಚಾರಣೆಯ ಮಾತು ಆಡುವುದು ತಪ್ಪಾಗುತ್ತದೆ. ಅದಕ್ಕಾಗಿ ಅನುಮತಿ ಪಡೆದು ವಿದ್ಯಾರ್ಥಿಗಳನ್ನು ಠಾಣೆಗೆ ಕರೆದೊಯ್ಯುತ್ತೇವೆ. ಬಂಧಿತರ ಹೆಸರು, ವಿಳಾಸದ ಮಾಹಿತಿಯನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು, ಅದಕ್ಕೆ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಹೊಣೆಯಾಗಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ಹೇಳುವುದನ್ನು ಓದಿಕೊಂಡು ಹೋದವರು ಮೊದಲು ಹುಡುಕುವುದು ಆ ಫಲಕವನ್ನು. ನಂತರ ಸ್ಟೇಷನ್ ರೈಟರ್ ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಒಬ್ಬನೇ ಮನುಷ್ಯ ಕೋರ್ಟಿನ ಸಮನ್ಸು, ಜಾತ್ರೆಯ ಬಂದೋಬಸ್ತ್, ಅಪಘಾತದ ಪಂಚನಾಮೆ, ಮೇಲಿನವರ ಫೋನು ಎಲ್ಲವನ್ನೂ ನಿಭಾಯಿಸುತ್ತಿರುತ್ತಾನೆ. ಕಾನ್‌ಸ್ಟೇಬಲ್ ಹೊಡೆದ ಎಂದು ಬರೆಯುವುದು ಸುಲಭ; ಸಂಜೆಯೊಳಗೆ ಕಳ್ಳತನ ಪತ್ತೆಯಾಗಬೇಕು ಎಂದು ಮೌಖಿಕವಾಗಿ ಹೇಳಿದವರು ಯಾರು ಎಂಬುದು ಯಾವ ಕಾಗದದಲ್ಲೂ ಬರುವುದಿಲ್ಲ. ಕೆಳಗಿನವನ ಅಮಾನತಿನಲ್ಲಿ ಮುಗಿದುಹೋಗುವ ವಿಚಾರಣೆಯನ್ನು ನಾನು ಉತ್ತರದಾಯಿತ್ವ ಎಂದು ಒಪ್ಪಲಾರೆ. ನಮ್ಮ ಸಮಯದ ಹಾಳೆಯಲ್ಲಿ ‘ಆಗ ಠಾಣೆಯ ಹೊಣೆ ಯಾರದಿತ್ತು’ ಎಂಬ ಇನ್ನೊಂದು ಅಂಕಣ ಸೇರಿದ್ದು ಈ ಭೇಟಿಗಳಿಂದಲೇ. ಇದೇ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಸರ್ಕಾರಿ ಅಭಿಯೋಜಕರಾಗುತ್ತಾರೆ, ಪಿಎಸ್‌ಐ ಪರೀಕ್ಷೆ ಬರೆಯುತ್ತಾರೆ, ಮ್ಯಾಜಿಸ್ಟ್ರೇಟರಾಗಿ ರಿಮಾಂಡ್ ಅರ್ಜಿಗೆ ಸಹಿ ಹಾಕುತ್ತಾರೆ. ಅಲ್ಲಿಯೂ ಈ ಹಾಳೆ ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ.

ಬರುವ ಸೆಮಿಸ್ಟರಿನಲ್ಲಿ ಒಂದು ಹೊಸ ಕೆಲಸ ಎತ್ತಿಕೊಳ್ಳುತ್ತಿದ್ದೇವೆ. ಠಾಣೆಗಳ ಸಿಸಿಟಿವಿ ನೋಡಿಕೊಳ್ಳಬೇಕಾದ ಜಿಲ್ಲಾ ಸಮಿತಿ ಯಾವ ಯಾವ ದಿನ ಸೇರಿತು, ಎಷ್ಟು ಕ್ಯಾಮೆರಾಗಳು ಕೆಟ್ಟಿವೆ ಎಂದು ಅದರ ಮುಂದೆ ವರದಿ ಬಂತು, ರಿಪೇರಿಗೆ ಎಷ್ಟು ದಿನ ಹಿಡಿಯಿತು ಎಂದು ಮಾಹಿತಿ ಹಕ್ಕಿನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಕೇಳಲಿದ್ದೇವೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಹತ್ತು ರೂಪಾಯಿ ಶುಲ್ಕ. ಕರಡುಗಳನ್ನು ವಿದ್ಯಾರ್ಥಿಗಳು ಬರೆಯುತ್ತಿದ್ದಾರೆ. ಉತ್ತರ ಬಾರದಿದ್ದರೆ 30 ದಿನಗಳ ನಂತರ ಮೊದಲ ಮೇಲ್ಮನವಿಗೆ ಹೋಗಬೇಕಾಗುತ್ತದೆ. ಅಷ್ಟರಲ್ಲಿ ಈ ತಂಡದ ಅರ್ಧದಷ್ಟು ಮಂದಿ ಅಂತಿಮ ಪರೀಕ್ಷೆ ಮುಗಿಸಿ ಹೊರಟಿರುತ್ತಾರಾದ್ದರಿಂದ, ಪ್ರತಿ ಅರ್ಜಿಗೂ ಕಿರಿಯ ವಿದ್ಯಾರ್ಥಿಯೊಬ್ಬರ ಹೆಸರನ್ನು ಈಗಲೇ ಜೊತೆಗೆ ಬರೆದಿಟ್ಟಿದ್ದೇವೆ. ಸಿರುಗುಪ್ಪ, ಕುಷ್ಟಗಿ, ಸಿಂಧನೂರಿನ ನ್ಯಾಯಾಲಯಗಳಲ್ಲಿ ವಕಾಲತ್ತು ನಡೆಸುತ್ತಿರುವ ವಕೀಲರು ತಿಂಗಳಿಗೊಂದು ಶನಿವಾರ ಈ ಕರಡುಗಳನ್ನು ಓದಿ ತಿದ್ದಿಕೊಡಲು ಮುಂದೆ ಬಂದರೆ ಕೆಲಸ ಈ ಮೂರು ತಾಲ್ಲೂಕುಗಳಿಗೂ ಹರಡುತ್ತದೆ.